ನನಗೆ ಶುಗರ್ ಇರಲಿಲ್ಲ

ಹದಿನಾಲ್ಕು ತಿಂಗಳು ನಾನು ಸಪ್ಪೆ ಟೀ ಕುಡಿದೆ. ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ನನ್ನ ಎಲೆಯ ಮುಂದೆ ಬಂದರೆ ಕೈ ಹಿಂದಕ್ಕೆ ಎಳೆದುಕೊಂಡು, ಸೆಕ್ರೆಟ್ರಿಗೆ ಶುಗರ್ರು ಎಂದು ಮುಂದಿನ ಎಲೆಗೆ ಹೋಗುತ್ತಿದ್ದರು. ನೆಂಟರು ಹಾಗಲಕಾಯಿ ತಂದುಕೊಟ್ಟರು. ಒಬ್ಬರು ನೇರಳೆ ಬೀಜದ ಪುಡಿ ಕೊಟ್ಟು, ಬರಿ ಹೊಟ್ಟೆಗೆ ಒಂದು ಚಮಚ ಎಂದರು. ಅದನ್ನೂ ತಿಂದೆ. ನನಗೆ ಶುಗರ್ ಇರಲೇ ಇಲ್ಲ. ಇದ್ದದ್ದು ಮನಸ್ಸಿನ ಕಾಯಿಲೆ. ಅದರ ಹೆಸರು ಹೇಳಲು ನಾಚಿಕೆಯಾಗಿ ಶುಗರ್ ಎಂದು ಹೇಳಿಕೊಂಡು ತಿರುಗಿದೆ. ಆ ಸುಳ್ಳು ಕಡೆಗೆ ನನ್ನ ತಾಯಿಯ ಪ್ರಾಣದ ಹತ್ತಿರ ಹೋಗಿ ನಿಂತಿತು. ನನ್ನ ಹಾಗೆ ಯಾರಾದರೂ ಇನ್ನೊಂದು ಕಾಯಿಲೆಯ ಹೆಸರು ಹೇಳಿಕೊಂಡು ಓಡಾಡುತ್ತಿದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗುಬ್ಬಿ ತಾಲ್ಲೂಕು, ಚೇಳೂರಿನಿಂದ ಮೂರು ಮೈಲಿ ಒಳಗಿನ ಊರು. ಊರಿನ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಬೆಳಿಗ್ಗೆ ಆರಕ್ಕೆ, ಸಾಯಂಕಾಲ ಐದಕ್ಕೆ ಬಾಗಿಲು ತೆಗೆಯಬೇಕು. ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಒಬ್ಬೊಬ್ಬರ ಹಾಲನ್ನೂ ಗಾಜಿನ ಜಾಡಿಗೆ ಹಾಕಿ, ಲ್ಯಾಕ್ಟೋಮೀಟರ್ ತೇಲಿಬಿಟ್ಟು, ನೀರು ಬೆರೆಸಿದ್ದಾರೋ ಇಲ್ಲವೋ ನೋಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಡಿಗ್ರಿ ಕಡಿಮೆ ಬಂದರೆ ನಮ್ಮ ಚಿಕ್ಕಪ್ಪನ ಹಾಲನ್ನೂ ವಾಪಸ್ ಕಳಿಸಿದ್ದೇನೆ. ಹಾಗಾಗಿ ಊರಿನಲ್ಲಿ ನನಗೆ ಗೌರವವೂ ಇತ್ತು, ಬೈಗುಳವೂ ಇತ್ತು.

ಕಾಯಿಲೆ ಶುರುವಾದದ್ದು ಹೊಟ್ಟೆಯಿಂದ. ಉರಿ, ಎದೆ ಹಿಡಿದಂತಾಗುವುದು, ಕೈ ಜೋಮು. ನಮ್ಮ ಕಡೆ ಗಂಡಸಿಗೆ ಬರುವುದು ಎರಡೇ ಕಾಯಿಲೆ, ಗ್ಯಾಸು ಮತ್ತು ಸೊಂಟನೋವು. ಮೆಡಿಕಲ್ ಸ್ಟೋರಿನವನು ಗ್ಯಾಸಿನ ಮಾತ್ರೆ ಕೊಟ್ಟ. ಆರು ತಿಂಗಳು ನುಂಗಿದೆ. ಅಷ್ಟರಲ್ಲಿ ನಿದ್ದೆ ಹೋಯಿತು, ಊಟದ ರುಚಿ ಹೋಯಿತು, ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ನಂಬರು ತೆಗೆದಳು ಎಂದಾಗ ಅದು ಯಾರದೋ ಮನೆಯ ಸುದ್ದಿ ಎಂಬಂತೆ ಕೇಳಿಸಿಕೊಂಡೆ. ಆದರೂ ನನ್ನ ಭಯವೆಲ್ಲ ಹೊಟ್ಟೆಯ ಮೇಲೇ ಇತ್ತು. ಅದಕ್ಕೆ ಕಾರಣವಿತ್ತು. ನಾನು ಒಂಬತ್ತು ವರ್ಷದವನಿದ್ದಾಗ ನಮ್ಮಪ್ಪ ಹೊಟ್ಟೆನೋವಿನಲ್ಲಿ ತೀರಿಹೋದರು. ಅವರ ಕಾಯಿಲೆ ನನಗೂ ಬಂತು ಎಂದುಕೊಂಡೆ.

ತುಮಕೂರಿಗೆ ಹೋಗಿ ಗಂಟಲಲ್ಲಿ ಪೈಪು ಬಿಡಿಸಿಕೊಂಡು ಹೊಟ್ಟೆ ನೋಡಿಸಿದೆ. ಡಾಕ್ಟರು ಫೋಟೋ ತೋರಿಸಿ, ಹೊಟ್ಟೆ ಚೆನ್ನಾಗಿದೆ, ಏನೂ ಇಲ್ಲ ಎಂದರು. ಖುಷಿಪಡಬೇಕಾಗಿತ್ತು. ನನಗೆ ಅಲ್ಲೇ ಅಳು ಬಂತು. ಏನೂ ಇಲ್ಲದಿದ್ದರೆ ಇದೇನು?

ಅದಾಗಿ ಹದಿನೈದು ದಿನಕ್ಕೆ, ಬೆಳಗಿನ ಹಾಲಿನ ಹೊತ್ತಿನಲ್ಲಿ, ಲ್ಯಾಕ್ಟೋಮೀಟರ್ ಕೈಯಲ್ಲಿ ಹಿಡಿದು ನಿಂತವನಿಗೆ ಅದರ ಮೇಲಿನ ಗೆರೆ ಓದಲಾಗಲಿಲ್ಲ. ಕಣ್ಣು ಕಾಣುತ್ತಿತ್ತು, ಗೆರೆ ಕಾಣುತ್ತಿತ್ತು, ಅದರಿಂದ ಏನು ತಿಳಿಯಬೇಕು ಎನ್ನುವುದು ತಲೆಗೆ ಹೋಗುತ್ತಿರಲಿಲ್ಲ. ನೀರು ತಾನಾಗಿ ಕಣ್ಣಿಂದ ಇಳಿಯತೊಡಗಿತು. ಸಾಲಿನಲ್ಲಿ ಇಪ್ಪತ್ತು ಜನ. ಮುಂದೆ ನಿಂತಿದ್ದ ಪಕ್ಕದ ಮನೆಯ ಜಯಮ್ಮ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ನೊರೆ ಹಾರಿತು ಎಂದು ಹೇಳಿ ಟವೆಲಿನಲ್ಲಿ ಮುಖ ಒರೆಸಿಕೊಂಡೆ. ಆವತ್ತು ಎಲ್ಲರ ಹಾಲನ್ನೂ ಡಿಗ್ರಿ ನೋಡದೆ ಸುರಿಸಿಕೊಂಡೆ. ನೀರು ಬೆರೆಸಿದವರಿಗೆ ಹಬ್ಬ.

ಹಾಲಿನ ವ್ಯಾನು ಹೋದ ಮೇಲೆ ನಾನು ಶಟರ್ ಅರ್ಧ ಎಳೆದುಕೊಂಡು ಖಾಲಿ ಕ್ಯಾನುಗಳ ನಡುವೆ ಕೂತುಬಿಡುತ್ತಿದ್ದೆ. ಒಂದು ದಿನ ಹೆಂಡತಿ ಮಂಜುಳ ಹುಡುಕಿಕೊಂಡು ಬಂದಳು. ಮನೆಗೆ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ, ನಾನಿಲ್ಲದಿದ್ದರೂ ಮನೆ ನಡೆಯುತ್ತದೆ, ನೀನು ಗಟ್ಟಿಗಿತ್ತಿ ಎಂದೆ. ನಾನು ಅದನ್ನು ಹೊಗಳಿಕೆ ಎಂದೇ ಹೇಳಿದ್ದೆ. ಅವಳು ಹೊಗಳಿಕೆ ಎಂದು ತೆಗೆದುಕೊಳ್ಳಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು.

"ನಿಮ್ಮ ಬಾಯಲ್ಲಿ ಈ ಮಾತು ಬಂತಲ್ಲ, ಇದು ಗ್ಯಾಸಲ್ಲ ಕಣ್ರೀ. ನಾಳೆ ತುಮಕೂರಿಗೆ ಹೋಗೋಣ. ಯಾವ ಡಾಕ್ಟ್ರು ಅಂತ ಕೇಳ್ಬೇಡಿ. ನಾನು ಕೇಳಿಟ್ಕೊಂಡಿದೀನಿ."

ತುಮಕೂರಿನ ದೊಡ್ಡ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗದ ಎದುರಿಗೇ ಕಣ್ಣಿನ ವಿಭಾಗ. ನಡುವೆ ಒಂದು ಓಣಿ. ಮಂಜುಳ ಚೀಟಿ ಮಾಡಿಸಲು ಹೋದಳು. ನಾನು ಬೋರ್ಡು ನೋಡಿ, ಆ ಕಡೆ ಕೂರದೆ, ಈ ಕಡೆ ಕಣ್ಣಿನವರ ಬೆಂಚಿನ ಮೇಲೆ ಕೂತೆ. ಚೇಳೂರಿನವರು ಯಾರಾದರೂ ನೋಡಿದರೆ ಕಣ್ಣಿಗೆ ಎನ್ನಬಹುದು. ಪಕ್ಕದಲ್ಲಿ ಬಿಳಿ ಪಂಚೆಯ, ಐವತ್ತೈದರ ಆಸುಪಾಸಿನ ಒಬ್ಬರು ಕೂತಿದ್ದರು. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಯವರು, ಹನುಮಂತಯ್ಯ, ರಾಗಿ ಹೊಲ ಇದೆ ಎಂದರು. ಕುಣಿಗಲ್ ನನ್ನ ಹೆಂಡತಿಯ ತವರು, ಹಾಗಾಗಿ ಮಾತು ಬೆಳೆಯಿತು. ಕಣ್ಣಿಗೆ ತೋರಿಸಲು ಬಂದಿರಾ ಎಂದು ನಾನು ಕೇಳಿದೆ. ಹೌದು, ಪೊರೆ ಎಂದರು. ನಾನೂ ಪೊರೆ ಎಂದೆ. ಇಬ್ಬರೂ ಪೊರೆಯ ಬಗ್ಗೆ ಕಾಲು ಗಂಟೆ ಮಾತಾಡಿದೆವು. ಆಮೇಲೆ ಎದುರಿನ ಬಾಗಿಲಿನಿಂದ ನರ್ಸು ಹೊರಗೆ ಬಂದು ಹನುಮಂತಯ್ಯ ಎಂದು ಕೂಗಿದಳು. ಅವರು ಏಳಲಿಲ್ಲ. ಎರಡನೇ ಸಲ ಕೂಗಿದಳು. ಅವರು ನನ್ನ ಮುಖ ನೋಡಿ, ಎದ್ದು, ಪಂಚೆ ಕೊಡವಿಕೊಂಡು ಓಣಿ ದಾಟಿ ಹೋದರು. ಮುಂದಿನ ಹೆಸರು ನನ್ನದು.

ಆ ಬಾಗಿಲಲ್ಲಿ ನಾವಿಬ್ಬರೂ ಎದುರು ಬದುರಾದಾಗ ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ. ಒಂದು ವರ್ಷದಿಂದ ನಾನು ನಕ್ಕಿದ್ದು ಅದೇ ಮೊದಲು.

ಒಳಗಿದ್ದ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕ ಹೆಣ್ಣುಮಗಳು. ಸತ್ತರೆ ಸಾಕು ಅನ್ನಿಸಿದೆಯಾ ಎಂದು ಹಾಲಿನ ಲೆಕ್ಕ ಕೇಳಿದಷ್ಟು ಸಲೀಸಾಗಿ ಕೇಳಿದರು. ಅನ್ನಿಸಿದೆ ಎಂದೆ. ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಅವರು ತಲೆಯಾಡಿಸಿ ಬರೆದುಕೊಂಡರು. ಇದು ಖಿನ್ನತೆ, ಇದಕ್ಕೆ ಮದ್ದಿದೆ, ನಿಧಾನವಾಗಿ ಕೆಲಸ ಮಾಡುತ್ತದೆ, ಮಧ್ಯೆ ಬಿಡಬೇಡಿ ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ ಎಂದು ಕೇಳಿದರು. ಇಲ್ಲ, ನಮ್ಮ ತಂದೆಗೆ ಹೊಟ್ಟೆನೋವಿತ್ತು, ಅಷ್ಟೇ ಎಂದೆ. ಅದನ್ನೂ ಬರೆದುಕೊಂಡರು.

ಹೊರಗೆ ಹನುಮಂತಯ್ಯ ಕಾಯುತ್ತಿದ್ದರು. ಶುಗರ್ ಎನ್ನುವ ಉಪಾಯ ಹೇಳಿಕೊಟ್ಟಿದ್ದು ಅವರೇ.

"ಊರಲ್ಲಿ ನಾನು ಬಿ.ಪಿ. ಅಂತ ಹೇಳಿದೀನಿ. ನೀವು ಶುಗರ್ ಅಂತ ಹೇಳ್ಕಳಿ. ತಿಂಗಳಿಗೊಂದ್ಸಲ ಆಸ್ಪತ್ರೆ, ದಿನಾ ಮಾತ್ರೆ, ಎಲ್ಲಾ ಸರಿಹೋಯ್ತದೆ. ಶುಗರ್ ಬಂದೋನ್ನ ಯಾರೂ ಹುಚ್ಚ ಅನ್ನಲ್ಲ."

ಮಂಜುಳಳಿಗೆ ಇದು ಇಷ್ಟವಾಗಲಿಲ್ಲ. ಆದರೆ ನಾನು ಹಟ ಹಿಡಿದೆ. ನನ್ನ ಹೆದರಿಕೆ ನಮ್ಮ ಡೈರಿಯ ಅಧ್ಯಕ್ಷ ರುದ್ರಣ್ಣನದು. ಒಳ್ಳೆಯವನೇ, ನನ್ನ ಸಹಪಾಠಿ. ಆದರೆ ಪಕ್ಕದೂರಿನ ಪೋಸ್ಟ್‌ಮ್ಯಾನ್ ಒಬ್ಬರು ಹೀಗೇ ಮಂಕಾಗಿ ರಜೆ ಹಾಕಿದ್ದಾಗ, ತಲೆ ಕೆಟ್ಟೋನ ಕೈಗೆ ಕಾಗದ ಕೊಟ್ರೆ ಯಾವ ಮನೆಗೆ ಹಾಕ್ತಾನೋ ಎಂದು ಅವನು ಡೈರಿಯ ಕಟ್ಟೆಯ ಮೇಲೆ ಕೂತು ನಗಾಡಿದ್ದು ನನ್ನ ಕಿವಿಯಲ್ಲಿತ್ತು. ತಲೆ ಕೆಟ್ಟವನ ಕೈಗೆ ಇಡೀ ಊರಿನ ಹಾಲು ಕೊಡುತ್ತಾನೆಯೇ? ಆ ಕೆಲಸ ಹೋದರೆ ನನಗೆ ಬೆಳಿಗ್ಗೆ ಏಳಲು ಇದ್ದ ಒಂದೇ ಕಾರಣವೂ ಹೋಗುತ್ತಿತ್ತು.

ನಮ್ಮ ಅವ್ವನಿಗೆ ನಿಜವಾಗಿಯೂ ಶುಗರ್ ಇದೆ. ಎಪ್ಪತ್ತು ದಾಟಿದವಳು, ಹನ್ನೆರಡು ವರ್ಷದಿಂದ ಮಾತ್ರೆ ನುಂಗುತ್ತಾಳೆ. ಮಗನಿಗೂ ಶುಗರ್ ಎಂದು ಕೇಳಿ ಎರಡು ದಿನ ಅತ್ತಳು. ಮೂರನೆಯ ದಿನದಿಂದ ನನ್ನನ್ನು ತನ್ನ ಜೊತೆಗೆ ಸೇರಿಸಿಕೊಂಡಳು. ಬೆಳಿಗ್ಗೆ ಎರಡು ಲೋಟ ಸಪ್ಪೆ ಟೀ, ಒಂದು ಅವಳಿಗೆ, ಒಂದು ನನಗೆ. ಜಗುಲಿಯ ಮೇಲೆ ಇಬ್ಬರೂ ಕೂತು ಕುಡಿಯುವುದು. ಕಹಿ ಆಯ್ತೇನೋ ಎಂದು ದಿನಾ ಕೇಳುತ್ತಿದ್ದಳು, ಅಭ್ಯಾಸ ಆಯಿತು ಎಂದು ನಾನು ದಿನಾ ಹೇಳುತ್ತಿದ್ದೆ.

ಮಾತ್ರೆಗಳನ್ನು ಎಲ್ಲಿಡುವುದು ಎನ್ನುವುದಕ್ಕೆ ನಾನು ಬುದ್ಧಿ ಓಡಿಸಿದೆ. ಅವ್ವನ ಶುಗರ್ ಮಾತ್ರೆಯ ಖಾಲಿ ಡಬ್ಬಿ, ಹಸಿರು ಪಟ್ಟಿಯದು, ಅದರೊಳಗೆ ನನ್ನ ಮಾತ್ರೆಗಳನ್ನು ಹಾಕಿ ಗೂಡಿನಲ್ಲಿಟ್ಟೆ. ಯಾರು ನೋಡಿದರೂ ಶುಗರ್ ಮಾತ್ರೆಯೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂಬ ಗಾದೆ ಡೈರಿಯಲ್ಲಿ ಕೆಲಸ ಮಾಡುವ ನನಗೆ ನೆನಪಾಗಬೇಕಿತ್ತು. ಆಗಲಿಲ್ಲ.

ಮಾತ್ರೆ ಕೆಲಸ ಮಾಡಿತು ಎನ್ನುವುದನ್ನು ಹೇಳಲೇಬೇಕು. ಮೊದಲು ಬಾಯಿ ಒಣಗಿತು, ಮೈ ಭಾರವಾಯಿತು, ಬಿಟ್ಟುಬಿಡುತ್ತೇನೆ ಎಂದು ಮಂಜುಳಳ ಹತ್ತಿರ ಜಗಳವಾಡಿದೆ. ಎರಡನೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಕ್ಯಾನಿಗೆ ಹಾಲು ಬೀಳುವ ಸದ್ದು ಕಿವಿಗೆ ಬಿತ್ತು. ದಿನಾ ಬೀಳುವ ಸದ್ದೇ. ಆದರೆ ಎಷ್ಟು ದಿನದಿಂದ ಅದನ್ನು ಕೇಳಿಸಿಕೊಂಡಿರಲಿಲ್ಲ ಎಂದು ಆಗ ಗೊತ್ತಾಯಿತು. ಹೀಗೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬಂದೆ. ಮಧ್ಯೆ ಕೆಟ್ಟ ವಾರಗಳೂ ಇದ್ದವು, ಈಗಲೂ ಇವೆ.

ಹದಿನಾಲ್ಕನೆಯ ತಿಂಗಳಲ್ಲಿ ಒಂದು ದಿನ ಮಂಜುಳ ಕುಣಿಗಲ್ಲಿಗೆ ತವರಿಗೆ ಹೋಗಿದ್ದಳು, ಮಗಳೂ ಜೊತೆಗೆ ಹೋಗಿದ್ದಳು. ನಾನು ಡೈರಿ ಮುಗಿಸಿ ಒಂಬತ್ತು ಗಂಟೆಗೆ ಮನೆಗೆ ಬಂದರೆ ಅವ್ವ ಜಗುಲಿಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕೂಗಿದೆ, ಅಲ್ಲಾಡಿಸಿದೆ. ಹ್ಞಾ ಎಂದಳೇ ಹೊರತು ಕಣ್ಣು ಬಿಡಲಿಲ್ಲ. ಜಯಮ್ಮ ಓಡಿಬಂದಳು. ಅವ್ವನ ಮಾತ್ರೆ ಹಿಂದಿನ ದಿನವೇ ಮುಗಿದಿತ್ತಂತೆ, ನನ್ನ ಮಗಂದು ಐತಲ್ಲ, ಅದ್ನೇ ತಗಂತೀನಿ ಎಂದು ಬೆಳಿಗ್ಗೆ ಅವಳ ಹತ್ತಿರ ಹೇಳಿದಳಂತೆ.

ಒಳಗೆ ಹೋಗಿ ನೋಡಿದೆ. ಹಸಿರು ಪಟ್ಟಿಯ ಡಬ್ಬಿ ಬಾಯಿ ತೆರೆದಿತ್ತು. ನಾನು ರಾತ್ರಿ ಒಂದೇ ಒಂದು ತೆಗೆದುಕೊಳ್ಳುತ್ತಿದ್ದ, ನಿದ್ದೆ ಬರಿಸುವ ಮಾತ್ರೆಯ ಹಾಳೆಯಲ್ಲಿ ಎರಡು ಗುಳಿ ಹೊಸದಾಗಿ ಖಾಲಿ. ಅವಳ ಶುಗರ್ ಮಾತ್ರೆ ಬೆಳಿಗ್ಗೆ ಎರಡು. ಅಕ್ಷರ ಓದಲು ಬಾರದವಳು, ಡಬ್ಬಿ ನೋಡಿ ಅದೇ ಲೆಕ್ಕದಲ್ಲಿ ನುಂಗಿದ್ದಳು. ಆಮೇಲೆ ಆ ಹಾಳೆಯನ್ನು ತೆಗೆದು ಅಂಗಿಯ ಜೇಬಿನಲ್ಲಿ ಬಚ್ಚಿಟ್ಟುಕೊಂಡೆ.

ರುದ್ರಣ್ಣ ತನ್ನ ಕಾರು ತಂದ. ಅವ್ವನ ತಲೆ ನನ್ನ ತೊಡೆಯ ಮೇಲೆ. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಗುಬ್ಬಿ ತಲುಪುವವರೆಗೂ ರುದ್ರಣ್ಣ, ಏನೂ ಆಗಲ್ಲ ಬುಡು, ಶುಗರ್ ಇಳಿದಿರ್ತದೆ ಎಂದು ಧೈರ್ಯ ಹೇಳುತ್ತಿದ್ದ. ನಾನು ಹೂಂಗುಟ್ಟಿದೆ. ಬರೀ ನಿದ್ದೆ ಮಾತ್ರೆ, ತಾನಾಗಿ ಏಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಗುಬ್ಬಿಯ ಆಸ್ಪತ್ರೆಯಲ್ಲಿ ಡಾಕ್ಟರು ಬೆರಳು ಚುಚ್ಚಿ ನೋಡಿದರು. ಶುಗರ್ ಇಳಿದಿರಲಿಲ್ಲ. ಏನು ಮಾತ್ರೆ ತೆಗೆದುಕೊಂಡಿದ್ದರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ರುದ್ರಣ್ಣ, ಶುಗರ್ ಮಾತ್ರೆ ಸಾರ್, ತಾಯಿ ಮಗ ಇಬ್ಬರಿಗೂ ಶುಗರ್ರು ಎಂದ. ಡಾಕ್ಟರು ಟಾರ್ಚು ಬಿಟ್ಟು ಕಣ್ಣು ನೋಡಿದರು, ಕೈಕಾಲು ಎತ್ತಿ ಬಿಟ್ಟು ನೋಡಿದರು. ಲಕ್ವ ಇರಬಹುದು, ತುಮಕೂರಿಗೆ ಹೋಗಿ ತಲೆ ಸ್ಕ್ಯಾನ್ ಮಾಡಿಸಬೇಕು ಎಂದರು. ಆಂಬುಲೆನ್ಸಿಗೆ ಫೋನು ಮಾಡಲು ಹೇಳಿದರು. ರುದ್ರಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ. ಹತ್ತು ನಿಮಿಷ ನಾನು ಆ ಮಂಚದ ಪಕ್ಕದಲ್ಲಿ, ಜೇಬಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದೆ. ಹೆತ್ತ ತಾಯಿ ಅಲ್ಲಿ ಮಲಗಿದ್ದಳು, ನಾನು ನನ್ನ ಮಾನದ ಲೆಕ್ಕ ಹಾಕುತ್ತಿದ್ದೆ. ನನ್ನ ಕಾಯಿಲೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುವುದು ಆ ಹತ್ತು ನಿಮಿಷ. ಅದನ್ನು ಕಾಯಿಲೆಯ ಮೇಲೆ ಹಾಕಲು ನನಗೆ ಮನಸ್ಸಿಲ್ಲ.

ಸ್ಟ್ರೆಚರಿಗೆ ಎತ್ತುವಾಗ ಅವ್ವನ ಕೈ ಜಾರಿ ನನ್ನ ಕೈಗೆ ತಾಗಿತು. ತಣ್ಣಗಿತ್ತು. ನಾನು ಹಾಳೆ ತೆಗೆದು ಡಾಕ್ಟರ ಮುಂದೆ ಹಿಡಿದೆ.

"ಇದನ್ನ ಎರಡು ನುಂಗವ್ಳೆ ಸಾರ್. ಶುಗರ್ ಮಾತ್ರೆ ಅಲ್ಲ ಇದು. ನಂದು. ನನಗೆ ಶುಗರ್ ಇಲ್ಲ. ಮಾನಸಿಕ ಕಾಯಿಲೆ ಐತೆ, ಒಂದು ವರ್ಷದ ಮೇಲಾಯ್ತು."

ಡಾಕ್ಟರು ಹೆಸರು ಓದಿ, ಎಷ್ಟು ಹೊತ್ತಿಗೆ ನುಂಗಿದರು ಎಂದು ಕೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಅದೊಂದು ದಯೆ. ಆಂಬುಲೆನ್ಸ್ ಬೇಡ ಎಂದು ಅಲ್ಲೇ ಡ್ರಿಪ್ ಹಾಕಿದರು, ಮೂಗಿಗೆ ಆಮ್ಲಜನಕ ಕೊಟ್ಟರು, ಪಕ್ಕದಲ್ಲೇ ನರ್ಸನ್ನು ಕೂರಿಸಿದರು. ರುದ್ರಣ್ಣನ ಕೈ ನನ್ನ ಹೆಗಲಿಂದ ಇಳಿದಿತ್ತು. ಅವನು ಹೊರಗೆ ಹೋದ. ಹೋದನಲ್ಲ, ಇನ್ನು ನಾಳೆಯಿಂದ ಡೈರಿಯ ಬೀಗದಕೈ ಕೊಡಬೇಕಾಗುತ್ತದೆ ಎಂದುಕೊಂಡೆ. ಅರ್ಧ ಗಂಟೆಯ ಮೇಲೆ ಎರಡು ಬಾಳೆಹಣ್ಣು, ಒಂದು ಬಾಟಲಿ ನೀರು ಹಿಡಿದು ಬಂದ. ಪೋಸ್ಟ್‌ಮ್ಯಾನ್ ಬಗ್ಗೆ ನಾನು ಅಂದಿದ್ದು ನಿನಗೆ ಕೇಳಿಸಿತ್ತಾ ಎಂದು ಕೇಳಿದ. ಕೇಳಿಸಿತ್ತು ಎಂದೆ. ಅವನು ಬಾಳೆಹಣ್ಣು ಸುಲಿದು ಕೊಟ್ಟ. ಬೀಗದಕೈ ಇವತ್ತಿಗೂ ನನ್ನ ಹತ್ತಿರವೇ ಇದೆ.

ಅವ್ವ ಸಾಯಂಕಾಲ ನಾಲ್ಕಕ್ಕೆ ಕಣ್ಣು ಬಿಟ್ಟಳು. ಎರಡು ದಿನ ಬಿಟ್ಟು ಮನೆಗೆ ಬಂದಳು. ಅಷ್ಟರಲ್ಲಿ ವಿಷಯ ಊರಿಗೆಲ್ಲ ಗೊತ್ತಾಗಿತ್ತು, ಆಸ್ಪತ್ರೆಗೆ ನೋಡಲು ಬಂದು ಹೋದ ಜಯಮ್ಮ ಇರುವಾಗ ಡಂಗುರ ಬೇಕಿರಲಿಲ್ಲ. ಡೈರಿಯ ಸಾಲಿನಲ್ಲಿ ಕೆಲವರು ನನ್ನ ಮುಖ ನೋಡದೆ ಹಾಲು ಹಾಕಿ ಹೋದರು. ಒಬ್ಬ ತನ್ನ ಹಾಲಿನ ಡಿಗ್ರಿ ಕಡಿಮೆ ಬಂದಾಗ, ಇವನಿಗೇ ಸರಿ ಇಲ್ಲ, ಇವನು ಹೇಳೋ ಡಿಗ್ರಿ ಸರಿ ಇರ್ತದಾ ಎಂದ. ಎದೆಗೆ ನಾಟಿತು. ಹಾಲು ವಾಪಸ್ ಕಳಿಸಿದೆ. ಎಲ್ಲರೂ ಹೋದ ಮೇಲೆ ಜಯಮ್ಮ ಖಾಲಿ ಕ್ಯಾನು ಹಿಡಿದು ನಿಂತೇ ಇದ್ದಳು. ಮೂರು ತಿಂಗಳಿನಿಂದ ತನ್ನ ಗಂಡ ಗ್ಯಾಸು ಗ್ಯಾಸು ಎನ್ನುತ್ತಾನೆ, ರಾತ್ರಿಯೆಲ್ಲ ಅಂಗಳದಲ್ಲಿ ಓಡಾಡುತ್ತಾನೆ, ಆ ಡಾಕ್ಟರು ಯಾವ ದಿನ ಸಿಗುತ್ತಾರೆ ಎಂದು ಮೆಲ್ಲಗೆ ಕೇಳಿದಳು.

ಮನೆಯಲ್ಲಿ ಅವ್ವ ಮಾತು ಬಿಟ್ಟಿದ್ದಳು. ಬೆಳಿಗ್ಗೆ ಲೋಟ ತಂದಿಡುತ್ತಿದ್ದಳು, ಅದೇ ಸಪ್ಪೆ ಟೀ. ಈಗ ಸಕ್ಕರೆ ಹಾಕಬಹುದಲ್ಲ ಎಂದು ಮಂಜುಳ ಹೇಳಿದ್ದಕ್ಕೆ, ಸುಳ್ಳು ಹೇಳಿದವನು ಕುಡಿಯಲಿ ಎಂದಳಂತೆ. ಎಂಟು ದಿನ ಕುಡಿದೆ. ಒಂಬತ್ತನೆಯ ದಿನ ಲೋಟಕ್ಕೆ ಬಾಯಿಟ್ಟರೆ ಸಿಹಿ. ಎರಡು ಚಮಚ ಹಾಕಿರಬೇಕು. ಅವ್ವ ಪಕ್ಕದಲ್ಲಿ ಕೂತಳು, ನನ್ನ ಕಡೆ ತಿರುಗದೆ ಮಾತಾಡಿದಳು.

"ನಿಮ್ಮಪ್ಪಂಗೆ ಹೊಟ್ಟೆನೋವು ಇರಲಿಲ್ಲ ಕಣೋ. ಎರಡು ವರ್ಸ ಗ್ವಾಡೆಗೆ ಮಕ ಮಾಡ್ಕೊಂಡು ಮಲಗಿದ್ರು. ನಾನೇ ಊರಿಗೆಲ್ಲ ಹೊಟ್ಟೆನೋವು ಅಂತ ಹೇಳ್ದೆ. ಆಮೇಲೆ ತಾವಾಗೇ ಹೋದ್ರು. ಅದನ್ನೂ ಹೊಟ್ಟೆನೋವು ಅಂದೆ."

ಹೇಗೆ ಎಂದು ನಾನು ಕೇಳಲಿಲ್ಲ. ಸಿಟ್ಟು ಬಂತು, ಮೂವತ್ತೆಂಟು ವರ್ಷ ಮುಚ್ಚಿಟ್ಟಳಲ್ಲ ಎಂದು. ಆಮೇಲೆ ನನ್ನ ಹಸಿರು ಪಟ್ಟಿಯ ಡಬ್ಬಿ ನೆನಪಾಗಿ ಸಿಟ್ಟು ಹೋಯಿತು. ಅವಳ ಸೆರಗು ಹಿಡಿದುಕೊಂಡು ಅತ್ತೆ. ಅಪ್ಪನಿಗಾಗಿ ಅತ್ತೆ. ಅವ್ವ ಸೆರಗು ಬಿಡಿಸಿಕೊಳ್ಳಲಿಲ್ಲ.

ಮುಂದಿನ ಸಲ ತುಮಕೂರಿಗೆ ಹೊರಟಾಗ ಅವ್ವ ತಾನೂ ಬರುತ್ತೇನೆ ಎಂದು ಸೀರೆ ಬದಲಿಸಿಕೊಂಡು ನಿಂತಳು. ಆಸ್ಪತ್ರೆಯ ಓಣಿಯಲ್ಲಿ ನನ್ನ ಕಾಲು ಅಭ್ಯಾಸಬಲದಿಂದ ಕಣ್ಣಿನ ಬೆಂಚಿನ ಕಡೆ ತಿರುಗಿತು. ಅವ್ವ ಹೋಗಿ ಸರಿಯಾದ ಬೆಂಚಿನ ಮೇಲೆ ಕೂತು, ಪಕ್ಕದ ಜಾಗ ತಟ್ಟಿ ತೋರಿಸಿದಳು. ಕೂತೆ. ಒಳಗೆ ಹೋದಾಗ ಡಾಕ್ಟರಿಗೆ, ಮೊದಲ ದಿನ ನನ್ನ ತಂದೆಯ ವಿಷಯ ತಪ್ಪು ಹೇಳಿದ್ದೆ ಎಂದೆ. ಅವರು ಹಳೆಯ ಹಾಳೆ ತಿರುವಿ, ಹೊಟ್ಟೆನೋವು ಎಂದು ಬರೆದಿದ್ದನ್ನು ಹೊಡೆದುಹಾಕಿ, ಅವ್ವ ಹೇಳಿದ್ದನ್ನು ಬರೆದುಕೊಂಡರು. ಬರೆದು ಮುಗಿಸುವವರೆಗೂ ಅವ್ವ ಅವರ ಪೆನ್ನನ್ನೇ ನೋಡುತ್ತಿದ್ದಳು.

ಹೊರಗೆ ಕ್ಯಾಂಟೀನಿನಲ್ಲಿ ಎರಡು ಟೀ ಹೇಳಿದೆ, ಒಂದು ಸಪ್ಪೆ. ಜನ ತುಂಬಿದ್ದರು. ಕ್ಯಾಂಟೀನಿನವನು ಎರಡು ಲೋಟ ತಂದು, ಸಪ್ಪೆ ಯಾರಿಗೆ ಎಂದು ಕೇಳಿದ. ಅವ್ವ ಎಲ್ಲರಿಗೂ ಕೇಳುವಂತೆ, ತನ್ನ ಊರಿನಲ್ಲೇ ಇದ್ದಾಳೆ ಎಂಬಂತೆ ಹೇಳಿದಳು.

"ಸಪ್ಪೆ ನಂಗೆ ಕಣಪ್ಪ. ಸಕ್ಕರೆದು ನನ್ನ ಮಗಂಗೆ. ಅವನಿಗೆ ಶುಗರ್ ಇಲ್ಲ. ಮನಸಿಗೆ ಹುಸಾರಿಲ್ಲ, ಮಾತ್ರೆ ತಗತಾವ್ನೆ."

ಕ್ಯಾಂಟೀನಿನವನು ನನ್ನ ಮುಂದೆ ಲೋಟ ಇಟ್ಟು, ಜೊತೆಗೆ ಬನ್ ಬೇಕಾ ಎಂದು ಕೇಳಿದ.